ಅಂಚು ಮೊದಲು, ಗೊಬ್ಬರ ಆಮೇಲೆ

ಮೇ ತಿಂಗಳು ಮುಗಿಯುತ್ತ ಬಂದಿದೆ. ಎರಡು ಮೂರು ಒಳ್ಳೆಯ ಮಳೆ ಬಿದ್ದು ನೆಲ ತಣಿದಿದೆ. ಬೇಸಿಗೆಯಲ್ಲಿ ಕಂದಿ ಹಳೆಯ ಚಾಪೆಯ ಬಣ್ಣಕ್ಕೆ ತಿರುಗಿದ್ದ ಹುಲ್ಲುಹಾಸು ಮತ್ತೆ ಹಸುರಾಗತೊಡಗಿದೆ. ಇಂಥ ಒಂದು ಬೆಳಗ್ಗೆ ಬೆಂಗಳೂರಿನ ಯಾವುದಾದರೊಂದು ಕಾಲೇಜಿನ ಅಂಗಳವನ್ನು ಹೊಕ್ಕರೆ ಒಂದು ದೃಶ್ಯ ನಮ್ಮ ಕಣ್ಣಿಗೆ ಬೀಳುವುದುಂಟು. ಮಾಲಿ ಎರಡು ಗೂಟಗಳ ನಡುವೆ ದಾರವನ್ನು ಬಿಗಿದು ಕಟ್ಟಿ, ಅದರ ಗುಂಟ ಚಪ್ಪಟೆ ಸಲಿಕೆಯನ್ನು ನೆಟ್ಟಗೆ ಊರಿ, ಕಾಲಿನಿಂದ ಮೆಟ್ಟಿ, ಹುಲ್ಲುಹಾಸಿನ ಅಂಚನ್ನು ಕಡಿಯುತ್ತಿರುತ್ತಾನೆ. ಕಡಿದ ಹುಲ್ಲಿನ ಪಟ್ಟಿಗಳು ಒಂದು ಕಡೆ ರಾಶಿಯಾಗಿರುತ್ತವೆ; ದಾರಿಗೂ ಹುಲ್ಲಿಗೂ ನಡುವೆ ಗೆರೆ ಎಳೆದಂತೆ ಒಂದು ಸಣ್ಣ ಕಾಲುವೆ ಮೂಡಿರುತ್ತದೆ. ನೋಡಿದವರು, ಕ್ಷೌರಿಕನು ಕತ್ತಿನ ಹಿಂಬದಿಯ ಕೂದಲನ್ನು ಒಪ್ಪಮಾಡುವಂತೆ ಇದೂ ಬರಿಯ ಅಂದಕ್ಕಾಗಿ ಮಾಡುವ ಕೆಲಸವೆಂದು ತಿಳಿದು ಮುಂದೆ ಸಾಗುತ್ತಾರೆ. ಕೆಲವು ದಿನ ಕಳೆದ ಮೇಲೆ ಅದೇ ಮಾಲಿ ಬುಟ್ಟಿಯಲ್ಲಿ ಗೊಬ್ಬರವನ್ನು ತಂದು ಹುಲ್ಲಿನ ಮೇಲೆ ಎರಚುತ್ತಾನೆ. ಈ ಎರಡು ಕೆಲಸಗಳಿಗೆ ಸಂಬಂಧವೇನಾದರೂ ಉಂಟೆ? ಮೊದಲು ಗೊಬ್ಬರ ಹಾಕಿ, ಪುರಸೊತ್ತಾದಾಗ ಅಂಚು ಕಡಿದರೆ ಆಗದೆ?

ಆಗುತ್ತದೆಂದೇ ನಾವೂ ಒಂದು ಕಾಲದಲ್ಲಿ ನಂಬಿದ್ದೆವು. ಮನೆಯ ಮುಂದಿನ ಅಂಗೈಯಗಲದ ಹುಲ್ಲುಹಾಸಿಗೆ ಯೂರಿಯವನ್ನು ಎರಚಿ, ಅಂಚಿನ ಕೆಲಸವನ್ನು ಮುಂದಿನ ಭಾನುವಾರಕ್ಕೆಂದು ಬಿಟ್ಟೆವು. ಆ ಭಾನುವಾರ ಮಳೆ. ಅದರ ಮುಂದಿನ ಭಾನುವಾರ ನೆಂಟರು. ಮೂರನೆಯ ವಾರ ಹೋಗಿ ನೋಡಿದರೆ ಗರಿಕೆ ಗುಲಾಬಿಯ ಪಾತಿಯನ್ನು ಹೊಕ್ಕು ಗಿಡಗಳ ಬುಡವನ್ನು ಸುತ್ತಿಕೊಂಡಿತ್ತು. ಇಟ್ಟಿಗೆ ಹಾಸಿದ ದಾರಿಯ ಸಂದುಸಂದಿನಲ್ಲಿ ಕಡುಹಸುರಾಗಿ ನಿಂತಿತ್ತು. ಯಾವ ತೆಳುವಾದ ಜಾಗಗಳಿಗಾಗಿ ಗೊಬ್ಬರ ಹಾಕಿದೆವೋ ಅವು ಮಾತ್ರ ಬಹುಮಟ್ಟಿಗೆ ಹಾಗೆಯೇ ಇದ್ದುವು. ಗುಲಾಬಿಯ ಪಾತಿಯಿಂದ ಗರಿಕೆಯನ್ನು ಬಿಡಿಸುವುದರಲ್ಲಿ ಆ ಮಳೆಗಾಲವೆಲ್ಲ ಕಳೆಯಿತು. ಗೊಬ್ಬರಕ್ಕೆ ಎಲ್ಲೆಯೆಂಬುದು ತಿಳಿಯದು, ಅದನ್ನು ಮೊದಲೇ ಕೊಯ್ದು ತೋರಿಸಿಕೊಡಬೇಕು ಎಂಬ ಮಾತು ನಮಗೆ ಅರ್ಥವಾದುದು ಆಗ.

ಇದರ ಕಾರಣವನ್ನು ತಿಳಿಯಬೇಕಾದರೆ ಗರಿಕೆಯ ಗುಣವನ್ನು ಸ್ವಲ್ಪ ವಿಚಾರಿಸಬೇಕು. ನಮ್ಮ ನಾಡಿನ ಹುಲ್ಲುಹಾಸುಗಳಲ್ಲಿ ಹೆಚ್ಚಾಗಿ ಬೆಳೆಸುವ ಹುಲ್ಲುಗಳಲ್ಲಿ ಇದೂ ಒಂದು. ಸಂಸ್ಕೃತದಲ್ಲಿ ದೂರ್ವೆ, ಉತ್ತರ ಕರ್ನಾಟಕದವರ ಬಾಯಲ್ಲಿ ಕರಿಕೆ, ಸಸ್ಯಶಾಸ್ತ್ರಜ್ಞರಿಗೆ ಸಿನೋಡಾನ್ ಡ್ಯಾಕ್ಟಿಲಾನ್. ಸಿನೋಡಾನ್ ಎಂದರೆ ಗ್ರೀಕ್ ಭಾಷೆಯಲ್ಲಿ ನಾಯಿಯ ಹಲ್ಲು. ಗರಿಕೆಯನ್ನು ಅಗೆದು ನೋಡಿದವರಿಗೆ ಈ ಹೆಸರು ವಿಚಿತ್ರವೆನಿಸದು: ಮಣ್ಣಿನೊಳಗೆ ಹರಿಯುವ ಬಿಳಿಯ ಕಾಂಡಗಳ ಮೇಲೆ ಚೂಪಾದ, ಗಟ್ಟಿಯಾದ ಮೊಳಕೆಗಳು ಹಲ್ಲಿನಂತೆಯೇ ಕಾಣುತ್ತವೆ. ಡ್ಯಾಕ್ಟಿಲಾನ್ ಎಂದರೆ ಬೆರಳು. ಅದು ಬೆರಳು ಬಿಡಿಸಿದಂತಿರುವ ತೆನೆಗೆ ಬಂದ ಹೆಸರು.

ಗರಿಕೆ ಎರಡು ಬಗೆಯಲ್ಲಿ ಹಬ್ಬುತ್ತದೆ. ನೆಲದ ಮೇಲೆ ತೆವಳುವ ಹಂಬುಗಳು ಒಂದು. ನೆಲದ ಒಳಗೆ ಹರಿಯುವ ಬೇರುಕಾಂಡಗಳು ಇನ್ನೊಂದು. ಎರಡರಲ್ಲಿಯೂ ಗೇಣಿನೊಳಗೆ ಹಲವು ಗಿಣ್ಣುಗಳು. ಗಿಣ್ಣುಗಿಣ್ಣಿಗೂ ಒಂದು ಕಣ್ಣು. ಅದಕ್ಕೆ ತೇವವೂ ಮಣ್ಣಿನ ಸಂಗವೂ ದೊರೆತರೆ ಕೆಳಗೆ ಬೇರು, ಮೇಲೆ ಚಿಗುರು. ಆದುದರಿಂದ ಒಂದು ಗಿಣ್ಣುಳ್ಳ ತುಂಡು ಉಳಿದರೂ ಒಂದು ಗಿಡ ಉಳಿದಂತೆಯೇ. ದೂರ್ವೆಯನ್ನು ಕುರಿತ ವೇದಮಂತ್ರವು ಹೊಗಳುವುದು ಈ ಗುಣವನ್ನೇ. ತವರಿನ ವಂಶ ಕರಿಕೆಯಂತೆ ಹಬ್ಬಲೆಂದು ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಹಾಡುವುದೂ ಇದನ್ನು ಕಂಡೇ. ಅದೇ ಕರಿಕೆ ಎರೆಹೊಲದಲ್ಲಿ ಬಂದಿತೆಂದರೆ ಮಾತ್ರ ರೈತನ ಮುಖ ಬಾಡುತ್ತದೆ. ಒಂದೇ ಗುಣ ಒಂದು ಕಡೆ ವರ, ಇನ್ನೊಂದು ಕಡೆ ಕಾಟ. ಇವೆರಡಕ್ಕೂ ನಡುವಣ ಗೆರೆಯೇ ಹುಲ್ಲುಹಾಸಿನ ಅಂಚು.

ಅಂಚನ್ನು ದಾಟಿದ ಹಂಬೊಂದು ಬಿಸಿಲಿಗೆ ಕಾದ ಇಟ್ಟಿಗೆಯ ಮೇಲೆ ಮೊಳದುದ್ದ ಸಾಗಿರುವುದನ್ನು ವಾಚಕರು ಕಂಡಿರಬಹುದು. ಇಟ್ಟಿಗೆಯಿಂದ ಅದಕ್ಕೆ ನೀರೂ ಇಲ್ಲ, ಆಹಾರವೂ ಇಲ್ಲ. ಅದನ್ನು ಸಾಕುತ್ತಿರುವುದು ಹಿಂದಿನ ತಾಯಿಗಿಡ. ಬೇರು ಹೀರಿದ ನೀರು, ಸಾರಜನಕದ ಲವಣಗಳು, ಎಲೆ ತಯಾರಿಸಿದ ಸಕ್ಕರೆ ಇವೆಲ್ಲ ಹಂಬಿನೊಳಗಿನ ನಾಳಗಳಲ್ಲಿ ಹರಿದು ತುದಿಯ ಕುಡಿಯನ್ನು ಮುಟ್ಟುತ್ತವೆ. ಹೀಗಿರುವಾಗ ಹುಲ್ಲುಹಾಸಿಗೆ ಗೊಬ್ಬರ ಬಿತ್ತೆಂದರೆ ಅದರ ಒಂದು ಪಾಲು ಹೊರಗೆ ಹೊರಟ ಈ ಕುಡಿಗಳ ದಾರಿಖರ್ಚಿಗೆ ಸೇರುತ್ತದೆ. ಗೊಬ್ಬರದ ಹರಳು ಅಂಚಿನ ಆಚೆಗೇ ಬಿದ್ದರಂತೂ ಪಾತಿಯ ಜೇಕಿಗೂ ಕಳೆಗಳಿಗೂ ಹಬ್ಬ. ಅಂಚನ್ನು ಮೊದಲು ಕಡಿದಾಗ ಹೊರಗೆ ಹೋದ ಕುಡಿಗೂ ಒಳಗಿನ ಗಿಡಕ್ಕೂ ಇದ್ದ ಸಂಬಂಧ ಕತ್ತರಿಸಿಹೋಗುತ್ತದೆ. ಇದು ಮೊದಲನೆಯ ಲಾಭ. ಎರಡನೆಯದು ಇದಕ್ಕಿಂತ ಸ್ವಾರಸ್ಯವಾದುದು. ಅದು ಕತ್ತರಿಸಿದ ಜಾಗದ ಹಿಂದೆ ಉಳಿದ ಗಿಣ್ಣುಗಳಲ್ಲಿ ನಡೆಯುವ ಕಥೆ.

ಸೇವಂತಿಗೆ ಬೆಳೆಯುವವರು ಎಳೆಯ ಗಿಡದ ಕುಡಿಯನ್ನು ಚಿವುಟುವುದು ಎಲ್ಲರಿಗೂ ತಿಳಿದುದೇ. ಕುಡಿಯನ್ನು ಚಿವುಟಿದರೆ ಕೆಳಗಿನ ಕಣ್ಣುಗಳು ಒಡೆದು ಗಿಡ ಪೊದೆಯಾಗುತ್ತದೆ; ಬಿಟ್ಟರೆ ಒಂದೇ ಕಡ್ಡಿಯಾಗಿ ಮೇಲೇಳುತ್ತದೆ. ಕುಡಿಯು ಕೆಳಗಿನ ಕಣ್ಣುಗಳನ್ನು ಮಲಗಿಸಿಡುತ್ತದೆ ಎಂದಾಯಿತು. ಇದು ಹೇಗೆ? ಈ ಪ್ರಶ್ನೆಯ ಉತ್ತರಕ್ಕೆ ದಾರಿ ತೋರಿಸಿದುದು, ಸೋಜಿಗವೆಂಬಂತೆ, ಒಂದು ಹುಲ್ಲೇ. ಚಾರ್ಲ್ಸ್ ಡಾರ್ವಿನ್ ಮತ್ತು ಆತನ ಮಗ ಫ್ರಾನ್ಸಿಸ್ ಕ್ಯಾನರಿ ಹುಲ್ಲಿನ ಮೊಳಕೆಗಳನ್ನು ಕತ್ತಲೆಯ ಕೋಣೆಯಲ್ಲಿಟ್ಟು ಒಂದು ಬದಿಯಿಂದ ಬೆಳಕು ಬಿಟ್ಟರು. ಮೊಳಕೆಗಳು ಬೆಳಕಿನತ್ತ ಬಾಗಿದುವು. ತುದಿಗೆ ಬೆಳಕು ತೂರದ ಚಿಕ್ಕ ಟೊಪ್ಪಿಗೆ ಹಾಕಿದರೆ ಬಾಗಲಿಲ್ಲ. ತುದಿಯಿಂದ ಕೆಳಕ್ಕೆ ಏನೋ ಒಂದು ಪ್ರಭಾವ ಇಳಿದುಬರುತ್ತದೆ ಎಂದು ಅವರು 1880ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಊಹಿಸಿದರು. ಸುಮಾರು ಅರ್ಧ ಶತಮಾನದ ಮೇಲೆ ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ತರುಣನು ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ತುಂಡುಗಳ ಮೇಲಿಟ್ಟು, ಆ ‘ಏನೋ ಒಂದನ್ನು’ ಅಗರಿನೊಳಗೆ ಇಳಿಸಿ ಹಿಡಿದನು. 1928ರಲ್ಲಿ ತನ್ನ ಪ್ರಯೋಗಗಳನ್ನು ವಿವರವಾಗಿ ಪ್ರಕಟಿಸಿದನು. ಅದಕ್ಕೆ ಮುಂದೆ ಆಕ್ಸಿನ್ ಎಂಬ ಹೆಸರು ಬಂತು. 1930ರ ದಶಕದಲ್ಲಿ ಕೆನೆತ್ ಥಿಮನ್ ಮತ್ತು ಫೋಕೆ ಸ್ಕೂಗ್, ಕುಡಿ ಕತ್ತರಿಸಿದ ಗಿಡಕ್ಕೆ ಕುಡಿಯ ಬದಲು ಆಕ್ಸಿನ್ ಹಚ್ಚಿದರೆ ಕೆಳಗಿನ ಕಣ್ಣುಗಳು ಮಲಗಿಯೇ ಇರುತ್ತವೆಂದು ತೋರಿಸಿದರು.

ಕಥೆ ಅಲ್ಲಿಗೆ ಮುಗಿಯಿತೆಂದೇ ಬಹುಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದುವು. ಆದರೆ 2014ರಲ್ಲಿ ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗವೊಂದು ಇದಕ್ಕೆ ಹೊಸ ತಿರುವು ಕೊಟ್ಟಿತು. ಕುಡಿಯನ್ನು ಕತ್ತರಿಸಿದ ಮೇಲೆ, ಆಕ್ಸಿನ್ ಕಡಮೆಯಾದ ಸುದ್ದಿ ಕೆಳಗಿನ ಕಣ್ಣಿಗೆ ತಲಪುವ ಮೊದಲೇ ಆ ಕಣ್ಣು ಬೆಳೆಯಲು ತೊಡಗಿರುತ್ತದೆ. ಅದನ್ನು ಎಬ್ಬಿಸುವುದು ಸಕ್ಕರೆ. ಕುಡಿಯು ಬೆಳೆಯುವ ಭರದಲ್ಲಿ ಸಕ್ಕರೆಯನ್ನೆಲ್ಲ ತನ್ನತ್ತ ಸೆಳೆದುಕೊಳ್ಳುತ್ತಿತ್ತು. ಕುಡಿ ಹೋದೊಡನೆ ಅದು ಕೆಳಗಿನ ಕಣ್ಣುಗಳ ಪಾಲಿಗೆ ಬರುತ್ತದೆ. ಮನೆಯ ಹಿರಿಯ ಮಗ ಊರು ಬಿಟ್ಟ ಮೇಲೆ ಕಿರಿಯರ ತಟ್ಟೆಗೆ ತುಪ್ಪ ಬೀಳುವಂತೆ! ಆಕ್ಸಿನ್ನಿನ ಕೆಲಸ ಸುಳ್ಳಲ್ಲ. ಅದು ಆಮೇಲೆ ಬರುತ್ತದೆ, ಅಷ್ಟೆ.

ಗರಿಕೆಯ ಅಂಚಿಗೂ ಇದೇ ನ್ಯಾಯ. ಹೊರಕ್ಕೆ ಓಡುತ್ತಿದ್ದ ಹಂಬುಗಳ ತಲೆಯನ್ನು ಸಲಿಕೆ ಕಡಿದಾಗ, ಕಡಿದ ಗೆರೆಯ ಒಳಬದಿಯಲ್ಲಿ ಉಳಿದ ಗಿಣ್ಣುಗಳು ಕೆಲವೇ ದಿನಗಳಲ್ಲಿ ಎಚ್ಚರಗೊಳ್ಳುತ್ತವೆ. ಎಚ್ಚರಗೊಂಡ ಚಿಗುರಿಗೆ ಮೊದಲು ಬೇಕಾಗುವುದು ಸಾರಜನಕ. ಅದಿಲ್ಲದೆ ಪ್ರೋಟೀನಿಲ್ಲ, ಎಲೆಯ ಪತ್ರಹರಿತ್ತಿಲ್ಲ. ಸರಿಯಾಗಿ ಆ ಹೊತ್ತಿಗೆ ಗೊಬ್ಬರ ಬಂದರೆ ಅಂಚು ದಟ್ಟವಾಗಿ ಕಟ್ಟಿಕೊಳ್ಳುತ್ತದೆ. ಕ್ರಮವನ್ನು ತಿರುಗಿಸಿದರೆ ಗೊಬ್ಬರವೆಲ್ಲ ಓಡುವ ಕುಡಿಯ ಹೊಟ್ಟೆ ಸೇರಿದ ಬಳಿಕ ಆ ಕುಡಿಯನ್ನೇ ಕಡಿದು ಕಸದ ಬುಟ್ಟಿಗೆ ಹಾಕಬೇಕಾಗುತ್ತದೆ. ಮೂರು ವಾರ ಸಾಕಿ ಎಸೆದಂತಾಯಿತು.

ಗೊಬ್ಬರದ ಕಡೆಯಿಂದಲೂ ಈ ವಿಷಯವನ್ನು ನೋಡಬೇಕು. ಯೂರಿಯದ ಒಂದು ಅಣುವಿನಲ್ಲಿ ಸಾರಜನಕದ ಎರಡು ಪರಮಾಣುಗಳಿವೆ. ಅಣುಭಾರ 60, ಅದರಲ್ಲಿ ಸಾರಜನಕದ ಪಾಲು 28. ಅಂಗಡಿಯಲ್ಲಿ ದೊರೆಯುವ ಯೂರಿಯದಲ್ಲಿ ನೂರಕ್ಕೆ 46ರಷ್ಟು ಸಾರಜನಕವಿರುವುದು ಇದರಿಂದ. ಆದರೆ ಹುಲ್ಲಿನ ಬೇರು ಯೂರಿಯವನ್ನು ಹೆಚ್ಚಾಗಿ ಇದ್ದ ಹಾಗೆಯೇ ಬಳಸಿಕೊಳ್ಳುವುದಿಲ್ಲ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ಅದನ್ನು ಒಡೆದು ಅಮೋನಿಯವನ್ನಾಗಿ ಮಾಡಬೇಕು. ಹರಳಿನ ರೂಪದಲ್ಲಿ ಶುದ್ಧವಾಗಿ ಮನುಷ್ಯನ ಕೈಗೆ ಸಿಕ್ಕಿದ ಮೊದಲನೆಯ ಕಿಣ್ವವೇ ಈ ಯೂರಿಯೇಸ್. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಇದನ್ನು ಜಾಕ್ ಬೀನ್ ಎಂಬ ಅವರೆಯಂಥ ಕಾಳಿನಿಂದ ಬೇರ್ಪಡಿಸಿ, ಕಿಣ್ವವೆಂದರೆ ಪ್ರೋಟೀನು ಎಂದು ಸಾಧಿಸಿದನು. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈಯನ್ನು ಕಳೆದುಕೊಂಡವನು ಈತ. ಅದಕ್ಕೆ ಮುಂಚೆ ಎಡಚನೂ ಆಗಿದ್ದವನು. 1946ರಲ್ಲಿ ನೊಬೆಲ್ ಬಹುಮಾನದ ಒಂದು ಪಾಲು ಈತನಿಗೆ ಸಂದಿತು.

ಈ ಯೂರಿಯೇಸ್ ಮಣ್ಣಿನಲ್ಲಷ್ಟೇ ಅಲ್ಲ, ಹುಲ್ಲಿನ ಒಣಗಿದ ಕಸದಲ್ಲಿಯೂ ಹೇರಳವಾಗಿರುತ್ತದೆ. ವರ್ಷಗಟ್ಟಲೆ ಕೈಯಿಡದ ಅಂಚಿನಲ್ಲಿ ಹಳೆಯ ಹಂಬುಗಳು ಒಂದರ ಮೇಲೊಂದು ಹೆಣೆದುಕೊಂಡು ಜಮಖಾನದಷ್ಟು ದಪ್ಪವಾಗಿರುತ್ತವೆ. ಯೂರಿಯದ ಹರಳು ಆ ಜಮಖಾನದ ಮೇಲೆಯೇ ಸಿಕ್ಕಿಕೊಂಡರೆ ಅಲ್ಲಿಯೇ ಒಡೆದು ಅಮೋನಿಯವಾಗುತ್ತದೆ. ಹಿಡಿದಿಟ್ಟುಕೊಳ್ಳಲು ಕೆಳಗೆ ಮಣ್ಣು ದೊರೆಯದ ಕಾರಣ ಅದರ ಒಂದು ಭಾಗ ಗಾಳಿಗೆ ಸೇರಿಹೋಗುತ್ತದೆ. ಅಂಚನ್ನು ಕಡಿದು, ಬಾಚಿ, ಕಸವನ್ನು ತೆಗೆದಿದ್ದರೆ ಹರಳು ಮಣ್ಣನ್ನು ಮುಟ್ಟುತ್ತದೆ. ಆಗ ಅಮೋನಿಯವು ಅಮೋನಿಯಂ ಅಯಾನಾಗಿ, ತನ್ನ ಧನವಿದ್ಯುತ್ತಿನಿಂದಾಗಿ ಋಣವಿದ್ಯುತ್ತುಳ್ಳ ಜೇಡಿಯ ಕಣಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಕ್ರಮೇಣ ಬ್ಯಾಕ್ಟೀರಿಯಗಳು ಅದನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ನೈಟ್ರೇಟಿಗೆ ಇರುವುದೂ ಋಣವಿದ್ಯುತ್ತು. ಜೇಡಿಯ ಕಣ ಅದನ್ನು ಹಿಡಿಯದು. ಬೇರು ಅಲ್ಲಿದ್ದು ಹೀರಿದರೆ ಸರಿ. ಇಲ್ಲದಿದ್ದರೆ ಮಳೆಯ ನೀರಿನೊಡನೆ ಅದು ಹೊರಟುಹೋಗುತ್ತದೆ. ಈ ಮಾರ್ಪಾಡನ್ನು ನಿಧಾನಗೊಳಿಸಲೆಂದೇ ನಮ್ಮ ದೇಶದಲ್ಲಿ 2015ರಿಂದ ಯೂರಿಯಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಯಿತು.

ಇನ್ನು ದಾರಿಯ ಮೇಲೆ ಬಿದ್ದ ಗೊಬ್ಬರ. ಅಲ್ಲಿ ಬೇರೂ ಇಲ್ಲ, ಮಣ್ಣೂ ಇಲ್ಲ. ಮೊದಲ ಮಳೆಯಲ್ಲಿಯೇ ಅದು ಚರಂಡಿ ಸೇರುತ್ತದೆ. ಇದು ಎಷ್ಟು ಇದ್ದೀತೆಂದು ತಾತ್ಸಾರ ಮಾಡುವವರು ಒಂದು ಸಣ್ಣ ಲೆಕ್ಕವನ್ನು ಮಾಡಿನೋಡಬಹುದು. 10 ಮೀಟರ್ ಉದ್ದ, 5 ಮೀಟರ್ ಅಗಲದ ಹುಲ್ಲುಹಾಸಿನ ವಿಸ್ತೀರ್ಣ 50 ಚದರ ಮೀಟರು. ಎಲ್ಲೆ ಕಾಣದೆ, ಸುತ್ತಲೂ ಕೇವಲ 25 ಸೆಂಟಿಮೀಟರ್ ಹೊರಕ್ಕೆ ಕೈ ಎರಚಿತೆಂದು ಇಟ್ಟುಕೊಳ್ಳೋಣ. ಮೂಲೆಗಳನ್ನೂ ಸೇರಿಸಿದರೆ ಹೊರಗಿನ ಪಟ್ಟಿಯ ವಿಸ್ತೀರ್ಣ 7.75 ಚದರ ಮೀಟರು. ಎರಚಿದ ಗೊಬ್ಬರದಲ್ಲಿ ನೂರಕ್ಕೆ 13ಕ್ಕಿಂತ ಹೆಚ್ಚು ಪಾಲು ಹೊರಗೆ ಹೋಯಿತು. ದಾರಿಯ ಬದಿಯಲ್ಲಿ 20 ಮೀಟರ್ ಉದ್ದ, 2 ಮೀಟರ್ ಅಗಲಕ್ಕೆ ಹಾಸಿದ ಹುಲ್ಲಿನ ಪಟ್ಟಿಯಾದರೆ? ವಿಸ್ತೀರ್ಣ ಇನ್ನೂ ಕಡಮೆ, ಆದರೆ ಅಂಚು ಹೆಚ್ಚು. ಹೊರಗೆ ಬಿದ್ದುದು ಐದರಲ್ಲಿ ಒಂದು ಪಾಲನ್ನೂ ಮೀರುತ್ತದೆ. ಚಿಕ್ಕ ಹುಲ್ಲುಹಾಸು ಎಂದರೆ ಬಹುಮಟ್ಟಿಗೆ ಅಂಚೇ.

ಗೊಬ್ಬರದ ಎಲ್ಲೆ ಎಂಬುದು ಎಷ್ಟು ಗಂಭೀರವಾದ ವಿಷಯವೆಂಬುದಕ್ಕೆ ಪ್ರಮಾಣ ಬೇಕಾದವರು ನಮ್ಮೊಡನೆ ಸ್ವಲ್ಪ ದೂರ ಬರಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಒಂದು ಹುಲ್ಲುಗಾವಲಿದೆ. 1856ರಲ್ಲಿ ಜಾನ್ ಲಾಸ್ ಮತ್ತು ಹೆನ್ರಿ ಗಿಲ್ಬರ್ಟ್ ಅದನ್ನು ಪಟ್ಟಿಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಹಾಕುತ್ತ, ಕೆಲವಕ್ಕೆ ಏನನ್ನೂ ಹಾಕದೆ ಬಿಟ್ಟರು. ಯಾವ ಗೊಬ್ಬರಕ್ಕೆ ಎಷ್ಟು ಒಣಹುಲ್ಲು ಬಂದೀತೆಂದು ನೋಡುವುದಷ್ಟೇ ಅವರ ಉದ್ದೇಶ. ಆದರೆ ಕೆಲವೇ ವರ್ಷಗಳಲ್ಲಿ ಪಟ್ಟಿಪಟ್ಟಿಗೂ ಗಿಡಗಳ ಜಾತಿಗಳೇ ಬೇರೆಯಾದುವು. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಗೊಬ್ಬರ ಕಾಣದ ಪಟ್ಟಿಗಳಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಸಸ್ಯಗಳು ಹೂವು ಬಿಟ್ಟು ನಿಂತಿರುತ್ತವೆ. ಸುಣ್ಣ ಹಾಕದೆ ಅಮೋನಿಯಂ ಸಲ್ಫೇಟನ್ನೇ ಧಾರಾಳವಾಗಿ ಹಾಕುತ್ತ ಬಂದ ಪಟ್ಟಿಗಳಲ್ಲಿ ಉಳಿದಿರುವುದು ಎರಡೋ ಮೂರೋ ಹುಲ್ಲುಗಳು. ಅಮೋನಿಯಂ ನೈಟ್ರೇಟಾಗುವಾಗ ಬಿಡುಗಡೆಯಾಗುವ ಆಮ್ಲವು ಮಣ್ಣನ್ನು ಹುಳಿಗೊಳಿಸಿದುದೇ ಇದಕ್ಕೆ ಮುಖ್ಯ ಕಾರಣ.

ಇದಕ್ಕಿಂತಲೂ ಅಚ್ಚರಿಯ ಸಂಗತಿ ಆ ಪಟ್ಟಿಗಳ ಗಡಿಯಲ್ಲಿದೆ. ಅಲ್ಲಿ ಬೇಲಿಯಿಲ್ಲ, ಗೋಡೆಯಿಲ್ಲ. ಗಾಳಿಯಲ್ಲಿ ಪರಾಗ ಆ ಕಡೆಯಿಂದ ಈ ಕಡೆಗೆ ಹಾರುತ್ತಲೇ ಇರುತ್ತದೆ. ಆದರೂ ಎರಡೂ ಕಡೆಗಳಲ್ಲಿ ಬೆಳೆಯುವ ಒಂದೇ ಜಾತಿಯ ಪರಿಮಳದ ಹುಲ್ಲನ್ನು ತೆಗೆದು ಪರೀಕ್ಷಿಸಿದಾಗ, ಕೆಲವೇ ಹೆಜ್ಜೆಗಳ ಅಂತರದಲ್ಲಿ ಅದರ ವಂಶಗುಣವೇ ಬೇರೆಯಾಗಿದ್ದುದು ಕಂಡುಬಂತು. ಹುಳಿ ಮಣ್ಣಿನ ಕಡೆಯದು ಹುಳಿ ಮಣ್ಣಿಗೆ ಒಗ್ಗಿಕೊಂಡಿತ್ತು, ಸುಣ್ಣದ ಕಡೆಯದು ಸುಣ್ಣಕ್ಕೆ. ಹೂ ಬಿಡುವ ಕಾಲ ಕೂಡ ಗಡಿಯಲ್ಲಿ ಭಿನ್ನವಾಗಿತ್ತು. ಆರ್. ಡಬ್ಲ್ಯು. ಸ್ನೇಡನ್ ಮತ್ತು ಎಂ. ಎಸ್. ಡೇವೀಸ್ 1970ರ ದಶಕದಲ್ಲಿ ಇದನ್ನು ಕುರಿತು ಬರೆದ ಪ್ರಬಂಧಗಳು ವಿಕಾಸವಾದವನ್ನು ಓದುವವರಿಗೆ ಇಂದಿಗೂ ಉಪಯುಕ್ತ. ಜೀವವಿಕಾಸ ಲಕ್ಷಾಂತರ ವರ್ಷಗಳ ವ್ಯವಹಾರವೆಂದು ಕೇಳಿ ಬೆಳೆದ ನಮಗೆ, ಗೊಬ್ಬರದ ಬುಟ್ಟಿಯೊಂದು ಎಳೆದ ಗೆರೆಯ ಇಕ್ಕೆಲದಲ್ಲಿ ಅದು ಕಣ್ಣೆದುರೇ ನಡೆಯಿತೆಂದರೆ ನಂಬುವುದು ಕಷ್ಟ. ನಮ್ಮ ಅಂಗಳದ ಗರಿಕೆ ಬೀಜಕ್ಕಿಂತ ಹೆಚ್ಚಾಗಿ ಹಂಬಿನಿಂದ ಹಬ್ಬುವುದರಿಂದ ಇಂಥದು ಇಲ್ಲಿ ಅಷ್ಟು ಸುಲಭವಾಗಿ ಆಗಲಾರದು. ಆದರೆ ಹೊರಗೆ ಚೆಲ್ಲಿದ ಗೊಬ್ಬರದಿಂದ ಯಾವ ಸಸ್ಯ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದು ಮಾತ್ರ ಇಲ್ಲಿಯೂ ನಿರ್ಣಯವಾಗುತ್ತದೆ.

ಚರಂಡಿ ಸೇರಿದ ಗೊಬ್ಬರದ ಗತಿಯನ್ನು ತಿಳಿಸುವ ಪ್ರಯೋಗ ಕೆನಡ ದೇಶದ್ದು. ಅಲ್ಲಿನ ಒಂಟಾರಿಯೋ ಪ್ರಾಂತದ ಕಾಡಿನಲ್ಲಿ 226 ಎಂಬ ಅಂಕಿಯೇ ಹೆಸರಾಗಿರುವ ಒಂದು ಸರೋವರವಿದೆ. ನಡು ಸಣ್ಣಗಾಗಿ ಡಮರುವಿನಂತಿದೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಆ ನಡುವಿನಲ್ಲಿ ಪ್ಲಾಸ್ಟಿಕ್ಕಿನ ಪರದೆಯನ್ನು ಇಳಿಬಿಟ್ಟು ಸರೋವರವನ್ನು ಎರಡು ಮಾಡಿದರು. ಎರಡು ಕಡೆಗೂ ಇಂಗಾಲವನ್ನೂ ಸಾರಜನಕವನ್ನೂ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಕಡೆ ನೀಲಿ-ಹಸುರು ಪಾಚಿ ಉಕ್ಕಿ ನೀರು ಹಸುರುಗಟ್ಟಿತು. ಪರದೆಯ ಆಚೆ ನೀರು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರವನ್ನು ಒಮ್ಮೆ ನೋಡಿದವರು ಮರೆಯಲಾರರು.

ಪಾಚಿ ಹೆಚ್ಚಾದರೆ ಏನಾಯಿತು ಎನ್ನಬಹುದು. ಪಾಚಿ ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ 2005ರಿಂದ ಸಾಮಾನ್ಯ ಹುಲ್ಲುಹಾಸಿಗೆ ರಂಜಕದ ಗೊಬ್ಬರ ಹಾಕುವುದನ್ನೇ ನಿಷೇಧಿಸಿದರು. ಹೊಸದಾಗಿ ಹಾಸುವ ಹುಲ್ಲಿಗೂ, ಮಣ್ಣಿನಲ್ಲಿ ರಂಜಕ ಕಡಮೆಯೆಂದು ಪರೀಕ್ಷೆಯಲ್ಲಿ ತೋರಿದ ಕಡೆಗೂ ಮಾತ್ರ ವಿನಾಯಿತಿ. ಕಲ್ಲುದಾರಿಯ ಮೇಲೆ ಗೊಬ್ಬರ ಚೆಲ್ಲಿದರೆ ಒಡನೆಯೇ ಬಳಿದು ತೆಗೆಯಬೇಕೆಂಬ ವಿಧಿಯೂ ಆ ಕಾನೂನಿನಲ್ಲಿದೆ.

ಬೆಂಗಳೂರಿನ ಕೆರೆಗಳ ದುರವಸ್ಥೆಗೆಲ್ಲ ಹುಲ್ಲುಹಾಸೇ ಕಾರಣವೆಂದು ನಾವು ಹೇಳುತ್ತಿಲ್ಲ. ಬೆಳ್ಳಂದೂರು ಕೆರೆಯಲ್ಲಿ ನೊರೆಯೆದ್ದು ಬೀದಿಗೆ ಹಾರಿದುದು ಬಹುಮಟ್ಟಿಗೆ ಊರಿನ ಕೊಳಚೆ ನೀರಿನಿಂದ; ಅದರ ಮುಂದೆ ನಮ್ಮ ಗೊಬ್ಬರದ ಪಾಲು ಅಲ್ಪ. ಆದರೆ ಊರಿನ ಮಳೆನೀರಿನ ಕಾಲುವೆಗಳೆಲ್ಲ ಇಳಿಯುವುದು ಒಂದಲ್ಲ ಒಂದು ಕೆರೆಗೇ. ಬೆಂಗಳೂರಿನ ಕೆಂಪು ಮಣ್ಣಿನ ಕಬ್ಬಿಣವೂ ಅಲ್ಯೂಮಿನಿಯಮ್ಮೂ ರಂಜಕವನ್ನು ಗಟ್ಟಿಯಾಗಿ ಹಿಡಿದಿಡುತ್ತವೆ. ಹುಲ್ಲಿನ ಕೆಳಗೆ ಬಿದ್ದ ರಂಜಕ ಅಷ್ಟು ಸುಲಭವಾಗಿ ಜಾರದು. ಅದು ಕೆರೆಗೆ ಹೋಗುವುದು ಸಿಮೆಂಟಿನ ಮೇಲೆ ಬಿದ್ದಾಗ, ಇಲ್ಲವೆ ಸಡಿಲವಾದ ಅಂಚಿನ ಮಣ್ಣು ಮಳೆಯಲ್ಲಿ ಕೊಚ್ಚಿಹೋದಾಗ. ಎರಡೂ ನಡೆಯುವುದು ಹುಲ್ಲುಹಾಸಿನ ಗಡಿಯಲ್ಲಿಯೇ ಎಂಬುದನ್ನು ಗಮನಿಸಬೇಕು.

ನೀರಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಗೊಬ್ಬರ ಉಂಡ ಹುಲ್ಲು ನೀರನ್ನು ಹೆಚ್ಚು ಬೇಡುತ್ತದೆ. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ನಮ್ಮ ಅಭಿಪ್ರಾಯದಲ್ಲಿ ಬೇಸಿಗೆಯಲ್ಲಿ ಹುಲ್ಲುಹಾಸು ಕಂದಿದರೆ ಕಂದಲಿ. ಗರಿಕೆ ಸಾಯುವುದಿಲ್ಲ; ಬೇರುಕಾಂಡದಲ್ಲಿ ಆಹಾರವನ್ನು ಕೂಡಿಟ್ಟುಕೊಂಡು ಮಲಗಿರುತ್ತದೆ. ಆಗ ಗೊಬ್ಬರ ಹಾಕುವುದು ಮಲಗಿದವನ ಬಾಯಿಗೆ ಅನ್ನ ತುರುಕಿದಂತೆ. ಮಳೆ ಹಿಡಿದು, ಬೆಚ್ಚನೆಯ ನೆಲ ತೇವಗೊಂಡು, ಗರಿಕೆ ತಾನಾಗಿಯೇ ಎದ್ದಾಗ ಹಾಕುವುದು ಸರಿಯಾದ ಕಾಲ.

ಈಗ ಕೆಲಸದ ಬಗೆ. ಮಳೆಯಿಲ್ಲದಿದ್ದರೆ ಹಿಂದಿನ ದಿನ ಅಂಚಿಗೆ ನೀರು ಹನಿಸಿದರೆ ಸಲಿಕೆ ಸಲೀಸಾಗಿ ಇಳಿಯುತ್ತದೆ. ನೇರ ಅಂಚಿಗೆ ಗೂಟ-ದಾರ. ಬಾಗಿದ ಅಂಚಿಗೆ ದಪ್ಪ ಹಗ್ಗವನ್ನೋ ನೀರಿನ ರಬ್ಬರು ಕೊಳವೆಯನ್ನೋ ಹಾಸಿ ಅದರ ಗುಂಟ ಕಡಿಯಬೇಕು. ಸಲಿಕೆಯ ಅಲಗು ಚಪ್ಪಟೆಯಾಗಿ ಹರಿತವಾಗಿರಬೇಕು. ಅರ್ಧಚಂದ್ರಾಕಾರದ ಅಲಗುಳ್ಳ ಸಾಧನ ಸಿಕ್ಕರೆ ಇನ್ನೂ ಒಳ್ಳೆಯದು. ಹುಲ್ಲಿನ ಬದಿಯಲ್ಲಿ ಗೋಡೆಯಂತೆ ನೆಟ್ಟಗೆ ಸುಮಾರು 10 ಸೆಂಟಿಮೀಟರ್ ಆಳಕ್ಕೆ ಕಡಿದು, ಪಾತಿಯ ಬದಿಯಲ್ಲಿ ಇಳಿಜಾರಾಗಿ ಮಣ್ಣು ತೆಗೆದರೆ ಒಂದು ಸಣ್ಣ ಕಾಲುವೆಯಾಗುತ್ತದೆ. ಹಂಬು ಆ ಕಾಲುವೆಯ ಮೇಲೆ ಚಾಚಿದರೆ ಕೂಡಲೆ ಕಣ್ಣಿಗೆ ಬೀಳುತ್ತದೆ. ಕೊಚ್ಚಿಬಂದ ಹರಳೂ ಮಣ್ಣೂ ಅದರಲ್ಲಿ ತಂಗುತ್ತವೆ. ಆಳದ ಬೇರುಕಾಂಡಗಳು ಇದರ ಅಡಿಯಿಂದ ನುಸುಳುವುದು ಉಂಟು. ಗರಿಕೆಯನ್ನು ಒಂದೇ ಏಟಿಗೆ ಗೆದ್ದವರಿಲ್ಲ. ಕಡಿದ ತುಂಡುಗಳ ಮಣ್ಣನ್ನು ಕೊಡವಿ ಹುಲ್ಲಿಗೇ ಹಾಕಬಹುದು. ತುಂಡುಗಳನ್ನು ಮಾತ್ರ ಒಂದೂ ಬಿಡದೆ ಆರಿಸಿ, ಬಿಸಿಲಿಗೆ ಹರಡಿ, ಗರಿಗರಿಯಾಗಿ ಒಣಗಿದ ಮೇಲಲ್ಲದೆ ಗೊಬ್ಬರದ ಗುಂಡಿಗೆ ಸೇರಿಸಕೂಡದು. ಹಸಿಯಾಗಿ ಸೇರಿಸಿದರೆ ಮುಂದಿನ ವರ್ಷ ಅದೇ ಗೊಬ್ಬರದೊಡನೆ ಪಾತಿಗೆಲ್ಲ ಗರಿಕೆಯನ್ನು ನೆಟ್ಟಂತಾಗುತ್ತದೆ.

ಆಮೇಲೆ ನಾಲ್ಕೈದು ದಿನ ಸುಮ್ಮನಿರಬೇಕು. ಕಡಿದ ಗೆರೆಯ ಹಿಂದೆ ಕಣ್ಣುಗಳು ಉಬ್ಬುವುದು ಕಾಣುವಾಗ ಗೊಬ್ಬರ. ಒಂದು ಸಲಕ್ಕೆ ಚದರ ಮೀಟರಿಗೆ 5 ಗ್ರಾಂ ಸಾರಜನಕಕ್ಕಿಂತ ಹೆಚ್ಚು ಬೇಡ. ನಾವು ಮೇಲೆ ಹೇಳಿದ 50 ಚದರ ಮೀಟರಿಗೆ 250 ಗ್ರಾಂ ಸಾರಜನಕ, ಎಂದರೆ ಸುಮಾರು 540 ಗ್ರಾಂ ಯೂರಿಯ; ನೋಡಲು ಎಷ್ಟು ಕಡಮೆ! ಇಷ್ಟನ್ನು ಒಣಮರಳಿನೊಡನೆಯೋ ಜರಡಿಯಾಡಿದ ಗೊಬ್ಬರದೊಡನೆಯೋ ಬೆರೆಸಿ, ಅರ್ಧವನ್ನು ಉದ್ದಕ್ಕೆ, ಉಳಿದರ್ಧವನ್ನು ಅಡ್ಡಕ್ಕೆ ಎರಚಬೇಕು. ಅಂಚಿನಲ್ಲಿ ನಿಂತು ಒಳಮುಖವಾಗಿ ಎರಚುವುದು ಕ್ರಮ. ನಡುವೆ ನಿಂತು ಹೊರಮುಖವಾಗಿ ಎರಚುವವರ ಗೊಬ್ಬರವೇ ದಾರಿಗೆ ಬೀಳುವುದು. ಬಿದ್ದುದನ್ನು ಪೊರಕೆಯಿಂದ ಗುಡಿಸಿ ಹುಲ್ಲಿಗೆ ಹಾಕಬೇಕು. ಎಲೆಯ ಮೇಲೆ ಹರಳು ನಿಂತರೆ ಅದು ಎಲೆಯ ನೀರನ್ನು ಹೊರಕ್ಕೆಳೆದು ಸುಡುತ್ತದೆ. ಕೂಡಲೆ ಒಂದಿಷ್ಟು ನೀರು ಚಿಮುಕಿಸಿದರೆ ಸಾಕು. ಆಕಾಶದಲ್ಲಿ ಕರಿಮೋಡ ಕವಿದಿದ್ದರೆ ಆ ದಿನ ಬುಟ್ಟಿಯನ್ನು ಒಳಗಿಡುವುದೇ ಲೇಸು.

ಕುಡಿಯ ದರ್ಬಾರನ್ನು ಸ್ವತಃ ಕಾಣಲು ಬಯಸುವ ವಿದ್ಯಾರ್ಥಿಗಳು, ಅಂಚಿನಿಂದ ಒಂದೇ ಉದ್ದದ ಗರಿಕೆಯ ಹಂಬುಗಳನ್ನು ಹತ್ತರಷ್ಟು ತಂದು ಎರಡು ಕುಂಡಗಳಲ್ಲಿ ನೆಡಬಹುದು. ಒಂದು ಕುಂಡದವುಗಳ ಕುಡಿ ಕತ್ತರಿಸಿ, ಇನ್ನೊಂದರವನ್ನು ಹಾಗೆಯೇ ಬಿಟ್ಟು, ದಿನವೂ ಒಡೆದ ಕಣ್ಣುಗಳನ್ನು ಎಣಿಸಿ ಬರೆದಿಡಬೇಕು. ಹತ್ತು ಹದಿನೈದು ದಿನಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ. ಎರಡೂ ಕುಂಡಗಳಿಗೆ ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು ಇರಬೇಕೆಂಬುದನ್ನು ಮರೆಯಬಾರದು.

ಜೂನ್ ತಿಂಗಳಲ್ಲಿ ಕಡಿದ ಅಂಚು ಭಾದ್ರಪದದ ಚೌತಿಯ ಹೊತ್ತಿಗೆ ಮತ್ತೆ ಮಸುಕಾಗಿರುತ್ತದೆ. ಮನೆಯ ಮಕ್ಕಳು ಗಣಪತಿಗೆ ಇಪ್ಪತ್ತೊಂದು ಗರಿಕೆಯನ್ನು ಹುಡುಕುತ್ತ ಬಂದಾಗ, ಕಾಲುವೆಯನ್ನು ದಾಟಿ ದಾರಿಗೆ ಕೈಚಾಚಿದ ಎಳೆಯ ಕುಡಿಗಳನ್ನೇ ಮೊದಲು ಕೀಳುವಂತೆ ನಾವು ಅವರಿಗೆ ಹೇಳುತ್ತೇವೆ. ಉಳಿದುದಕ್ಕೆ ಅಕ್ಟೋಬರಿನಲ್ಲಿ, ಎರಡನೆಯ ಸಲದ ಗೊಬ್ಬರಕ್ಕೆ ಮುಂಚೆ, ಮಾಲಿ ಗೂಟವನ್ನೂ ದಾರವನ್ನೂ ಹೊರಗೆ ತೆಗೆಯುತ್ತಾನೆ.